ಎರಡು ಬ್ರೇಕಿನ ಕಾರು

ಆರ್‌ಟಿಓ ಕಚೇರಿಯೆದುರು, ಹೊಂಗೆ ಮರದ ಬುಡಕ್ಕೆ
ನನ್ನ ಮೇಜು. ಮೂರು ಕಾಲು ಮರದ್ದು, ಒಂದು ಇಟ್ಟಿಗೆಯದು.
ಅಲ್ಲಿಗೆ ಬಂದು ಹಾಲಮ್ಮ ಮೇಡಂ ಕೇಳಿದರು:
‘ನೇಪಾಳಕ್ಕೆ ಕಾರು ತಗೊಂಡು ಹೋಗಬೇಕು ಕಣೋ ಹುಚ್ರಾಯಿ,
ಏನೇನು ಕಾಗದ ಬೇಕು?’

ಯಾರದೋ ಲಗ್ನಪತ್ರಿಕೆಯ ಬೆನ್ನಿಗೆ ಬರೆದೆ:
ಪಾಸ್‌ಪೋರ್ಟು, ಇಲ್ಲವೇ ಓಟಿನ ಚೀಟಿ. ಆರ್‌ಸಿ, ಅಸಲೇ ಬೇಕು.
ಇನ್ಶೂರೆನ್ಸು. ಹೊಗೆ ತಪಾಸಣೆ. ನಿಮ್ಮ ಲೈಸೆನ್ಸು.
ಗಡಿಯಲ್ಲಿ ಸುಂಕದ ಕಟ್ಟೆ, ದಿನಕ್ಕಿಷ್ಟು ಅಂತ ಕಟ್ಟಬೇಕು,
ಎಷ್ಟು ದಿನ ಅನ್ನೋದು ಹೋಗುವಾಗಲೇ ಹೇಳಬೇಕು,
ಹೇಳಿದ ದಿನ ಕಾರು ವಾಪಸು ಗಡಿ ದಾಟಬೇಕು.
‘ಮತ್ತೆ ನಾನು?’
ನಿಮ್ಮನ್ನ ಅಷ್ಟೇನೂ ಕೇಳಲ್ಲ ಮೇಡಂ. ಕಾರು ಬಂದರೆ ಸಾಕು.

ಯಾವ ಕಾರು ಅಂತ ಶಿವಮೊಗ್ಗದವರಿಗೆ ಹೇಳಬೇಕಾಗಿಲ್ಲ:
ಎರಡು ಕ್ಲಚ್ಚು, ಎರಡು ಬ್ರೇಕು, ನೆತ್ತಿಯ ಮೇಲೆ ಕೆಂಪಕ್ಷರ,
ಅರ್ಧ ಊರಿನ ಅಂಗೈ ಬೆವರು ಕುಡಿದ ಸ್ಟೇರಿಂಗು.
ಮೆಗ್ಗಾನ್ ಆಸ್ಪತ್ರೆಯ ನರ್ಸುಗಳು, ಡಿಸಿ ಆಫೀಸಿನ ಗುಮಾಸ್ತರು,
ಗಾಂಧಿಬಜಾರಿನ ಬೆಳ್ಳಿ ಅಂಗಡಿಯ ಮೂವರು ಸೊಸೆಯರು
(ಮೂವರೂ ಒಂದೇ ದಿನ ಕಲಿಯಲು ಬಂದು ಜಗಳವಾಡಿ ಹೋದವರು),
ಕೊನೆಗೆ ನಾನೂ,
ಇದರಲ್ಲೇ ಎರಡನೇ ಗೇರಿನಲ್ಲಿ ಎಂಟು ತಿದ್ದಿದ್ದು.
ಮೀಟರು ನೋಡಿದರೆ ಭೂಮಿಗೆ ಆರು ಸುತ್ತು.
ಊರು ಬಿಟ್ಟದ್ದು ಒಂದೇ ಸಲ, ಗಾಜನೂರಿನ ತನಕ,
ನಿಲ್ಲಿಸುವುದು ಹೇಗೆಂದು ಮರೆತ ಒಬ್ಬ ಗಣಿತದ ಲೆಕ್ಚರರ್ ದೆಸೆಯಿಂದ.

ತೊಡಕಿದ್ದದ್ದು ಬೇರೆ ಕಡೆ.
ಹಳದಿ ಬೋರ್ಡು ಬಿಳಿಯಾಗಬೇಕು.
ಆಗಬೇಕಾದರೆ ಎಡಗಡೆಯ ಪೆಡಲು ಕೀಳಬೇಕು.
ಮೇಡಂ ಸುಮಾರು ಹೊತ್ತು ಹೊಂಗೆಯ ಕಾಯಿ ಎಣಿಸಿದರು.
ಆಮೇಲೆ ಅಂದರು, ‘ಕೀಳು.
ನಾನು ಬಲಗಡೆ ಕೂತು ಇಪ್ಪತ್ತಾರು ವರ್ಷ ಆಯ್ತು.’

ಬಾನೆಟ್ಟು ಎತ್ತಿ, ಜಿಡ್ಡು ಒರೆಸಿ,
ಚಾಸಿ ನಂಬರಿನ ಮೇಲೆ ತೆಳು ಕಾಗದ ಒತ್ತಿ
ಪೆನ್ಸಿಲ್ಲು ಉಜ್ಜಿದೆ, ಹಿಂದೆ ನಾಲ್ಕಾಣೆಯ ಮೇಲೆ ಉಜ್ಜುತ್ತಿದ್ದ ಹಾಗೆ.
ಕಪ್ಪಿನೊಳಗಿಂದ ಒಂದೊಂದೇ ಅಂಕಿ ಬೆಳ್ಳಗೆ ಎದ್ದು ಬಂತು.
ಬಗ್ಗಿ ನೋಡಿದ ಮೇಡಂ, ‘ಇದಕ್ಕೂ ಹೆಸರಿತ್ತೇನೋ!’

ಆಟೋ ಕಾಂಪ್ಲೆಕ್ಸಿನಲ್ಲಿ ಖಲಂದರ್ ಬೋಲ್ಟು ಬಿಚ್ಚಿದ.
ನೆಲದಲ್ಲಿ ಎರಡು ತೂತು ಉಳಿದವು, ಅದರಾಚೆ ಡಾಂಬರು.
ತಗಡು ಬಡಿಯಲಾ ಅಂದ. ಬೇಡ, ಗಾಳಿ ಬರಲಿ ಅಂದರು.

ಅರ್ಜಿಯಲ್ಲಿ ಒಂದು ಸಾಲು, ‘ಪ್ರಯಾಣದ ಉದ್ದೇಶ’.
ಪಶುಪತಿನಾಥನ ದರ್ಶನ ಅಂತ ಹಾಕಲಾ? ಎಲ್ಲರೂ ಅದನ್ನೇ ಹಾಕಿಸೋದು.
‘ದೇವರ ಹೆಸರಲ್ಲಿ ಸುಳ್ಳು ಯಾಕೆ?
ನಾಲ್ಕನೇ ಗೇರು ಅಂತ ಬರಿ.’
ಪ್ರವಾಸ ಅಂತ ಬರೆದೆ. ಆ ಜಾಗದಲ್ಲಿ ಅಷ್ಟೇ ಹಿಡಿಸುತ್ತಿತ್ತು.

ಹೊರಟ ಬೆಳಗ್ಗೆ ಅಭ್ಯಾಸಬಲದಿಂದ ಎಡಗಡೆಯೇ ಹತ್ತಿ ಕೂತರು.
ಇಳಿದರು, ಸುತ್ತಿ ಬಂದರು, ಸೀಟು ಮುಂದಕ್ಕೆ ಎಳೆದುಕೊಂಡರು.
ಹೊನ್ನಾಳಿ ರಸ್ತೆಯಲ್ಲಿ ಸ್ವಲ್ಪ ದೂರ ನಾನು ಪಕ್ಕದಲ್ಲಿದ್ದೆ,
ಮೇಡಂ ಕೂರುತ್ತಿದ್ದ ಜಾಗದಲ್ಲಿ.
ಕಬ್ಬಿನ ಲಾರಿಯೊಂದು ಎದುರು ಬಂತು.
ನನ್ನ ಬಲಗಾಲು ತಾನಾಗಿಯೇ ಅದುಮಿತು, ತೂತಿನ ಮೇಲೆ,
ಹಾರಿಹೋಗುವ ರಸ್ತೆಯ ಮೇಲೆ.
‘ಅಲ್ಲೇನೂ ಇಲ್ಲ, ಕಾಲು ತೆಗಿ’ ಅಂದರು, ತಿರುಗಿಯೂ ನೋಡದೆ.
ಲಾರಿ ದಾಟಿತು. ಆಮೇಲೆ ಅವರ ಕೈ ಕೆಳಗಿಳಿದು,
ತಡವರಿಸಿ, ಗೇರು ಹಿಂದಕ್ಕೆಳೆಯಿತು.
ಕಾರು ಒಮ್ಮೆ ಗಂಟಲು ಸರಿಮಾಡಿಕೊಂಡು
ನಾನು ಯಾವತ್ತೂ ಕೇಳದ ದನಿಯಲ್ಲಿ ಓಡಿತು.
ಮುಂದಿನ ಬಸ್‌ಸ್ಟಾಪಿನಲ್ಲಿ ನನ್ನನ್ನು ಇಳಿಸಿದರು.

ಒಂದು ಫೋಟೊ ಬಂದಿದೆ. ಗಾಜಿಗೆ ಅಂಟಿಸಿದ ಸುಂಕದ ಚೀಟಿ,
ಪಕ್ಕದಲ್ಲಿ ಅವರ ಹೆಬ್ಬೆರಳು. ಕೆಳಗೆ ಒಂದೇ ಸಾಲು:
‘ತೂತು ಯಾಕೆ ಅಂತ ಕೇಳಿದರು. ಹೇಳಲು ಹಿಂದಿ ಸಾಲಲಿಲ್ಲ.’

ಬರೆಸಿದ್ದು ಹನ್ನೆರಡು ದಿನ. ಇವತ್ತಿಗೆ ಹದಿನೈದು.
ದಂಡ ಎಷ್ಟಾಗುತ್ತದೆಂದು ಗುಣಿಸುತ್ತ ಕೂತಿದ್ದೇನೆ.
ಮೇಜು ವಾಲುತ್ತದೆ, ಇಟ್ಟಿಗೆ ಸರಿಸುತ್ತೇನೆ,
ಮತ್ತೆ ಮೊದಲಿನಿಂದ ಗುಣಿಸುತ್ತೇನೆ.